ಜಾಶ್ ಗಿಬ್ಸನ್ನನ ಅಚ್ಚಾಗದ ಕಾರ್ಡು

ದೊಡ್ಡವರ ಚರಿತ್ರೆಯನ್ನು ಬರೆಯುವವರಿಗೆ ಶಾಸನಗಳು ಬೇಕು, ದಾನಪತ್ರಗಳು ಬೇಕು, ಕಡತಗಳು ಬೇಕು. ಆದರೆ ಒಂದು ಕಾಲದ ಜನ ಯಾರನ್ನು ಮೆಚ್ಚಿ ತಲೆಯ ಮೇಲೆ ಹೊತ್ತರು, ಯಾರನ್ನು ಕಂಡೂ ಕಾಣದಂತೆ ಬಿಟ್ಟರು ಎಂಬುದನ್ನು ತಿಳಿಯಬೇಕಾದರೆ ಕೆಲವೊಮ್ಮೆ ಮಕ್ಕಳ ಜೇಬುಗಳನ್ನು ತಡಕಿ ನೋಡಬೇಕಾಗುತ್ತದೆ. ಬೆಂಕಿಪೊಟ್ಟಣದ ಚಿತ್ರಗಳನ್ನೂ, ಬಬಲ್‌ಗಮ್ಮಿನ ಜೊತೆಗೆ ಬರುತ್ತಿದ್ದ ಕ್ರಿಕೆಟ್ ಆಟಗಾರರ ಚೀಟಿಗಳನ್ನೂ ಹುಡುಗತನದಲ್ಲಿ ಕೂಡಿಟ್ಟವರಿಗೆ ಈ ಮಾತು ವಿಚಿತ್ರವಾಗಿ ತೋರಲಾರದು. ಅಮೆರಿಕದ ಹುಡುಗರ ಜೇಬಿನಲ್ಲಿ ನೂರು ವರ್ಷಕ್ಕೂ ಮೇಲ್ಪಟ್ಟು ಆ ಸ್ಥಾನವನ್ನು ಪಡೆದಿದ್ದದ್ದು ಬೇಸ್‌ಬಾಲ್ ಕಾರ್ಡು.

ಈ ಕಾರ್ಡುಗಳ ಹುಟ್ಟು ಬಹಳ ಸಾಮಾನ್ಯವಾದದ್ದು. 1880ರ ದಶಕದಲ್ಲಿ ಸಿಗರೇಟು ಕಂಪನಿಗಳು ಪೊಟ್ಟಣ ಮುದುರದಿರಲೆಂದು ಒಳಗೆ ಗಟ್ಟಿ ಕಾಗದದ ತುಂಡೊಂದನ್ನು ಇಡುತ್ತಿದ್ದವು. ಬರಿಯ ಕಾಗದವನ್ನು ಇಡುವುದಕ್ಕಿಂತ ಅದರ ಮೇಲೊಂದು ಚಿತ್ರವನ್ನು ಅಚ್ಚುಹಾಕಿದರೆ ಗಿರಾಕಿ ಮತ್ತೆ ಬರುತ್ತಾನೆ ಎಂಬುದು ವರ್ತಕನ ಬುದ್ಧಿಗೆ ಬೇಗನೆ ಹೊಳೆಯಿತು. ಮುಂದೆ ಹೊಗೆಸೊಪ್ಪಿನವರ ಜಾಗಕ್ಕೆ ಚೂಯಿಂಗ್ ಗಮ್ ಮಾರುವವರು ಬಂದರು. 1933ರಲ್ಲಿ ಬಾಸ್ಟನ್ ನಗರದ ಗೌಡಿ ಕಂಪನಿ 240 ಕಾರ್ಡುಗಳ ಮಾಲೆಯೊಂದನ್ನು ಹೊರಡಿಸಿತು. 1952ರಲ್ಲಿ ಬ್ರೂಕ್ಲಿನ್ನಿನ ಟಾಪ್ಸ್ ಕಂಪನಿ ಹೊರಡಿಸಿದ ಮಾಲೆ ಇನ್ನೂ ಪ್ರಸಿದ್ಧವಾಯಿತು. ಆ ಮಾಲೆಯಲ್ಲಿನ ಮಿಕ್ಕಿ ಮ್ಯಾಂಟಲ್ ಎಂಬ ಆಟಗಾರನ ಒಂದು ಕಾರ್ಡು 2022ರ ಆಗಸ್ಟಿನಲ್ಲಿ 1 ಕೋಟಿ 26 ಲಕ್ಷ ಡಾಲರಿಗೆ ಹರಾಜಾಯಿತೆಂದ ಮೇಲೆ, ಇದನ್ನು ಮಕ್ಕಳಾಟವೆಂದು ನಕ್ಕುಬಿಡುವಂತಿಲ್ಲ.

ಈ ಹವ್ಯಾಸದ ಅಂಚಿನಲ್ಲಿ ಮತ್ತೊಂದು ಹವ್ಯಾಸ ಬೆಳೆದಿದೆ. ಎಂದೂ ಅಚ್ಚಾಗದಿದ್ದ ಹಳೆಯ ಕಾರ್ಡುಗಳನ್ನು ಕಲ್ಪಿಸಿ ಬರೆಯುವುದು ಅದರ ಕೆಲಸ. ಯಾವನೋ ಆಟಗಾರನಿಗೆ ಯಾವುದೋ ವರ್ಷದ ಮಾಲೆಯಲ್ಲಿ ಸ್ಥಾನ ದೊರೆತಿರಲಿಲ್ಲ ಎನ್ನಿ. ಚಿತ್ರಕಾರನು ಆ ಮಾಲೆಯ ಅಳತೆ, ಬಣ್ಣ, ಅಕ್ಷರದ ವರಸೆ, ಹಿಂಬದಿಯ ಬರವಣಿಗೆಯ ಧಾಟಿ ಎಲ್ಲವನ್ನೂ ಅಭ್ಯಾಸಮಾಡಿ, ಅಂದು ಅಚ್ಚಾಗಿದ್ದರೆ ಹೇಗಿರುತ್ತಿತ್ತೋ ಹಾಗೆಯೇ ಒಂದು ಕಾರ್ಡನ್ನು ಇಂದು ಸಿದ್ಧಮಾಡುತ್ತಾನೆ. ಅಂಚು ಸವೆದಂತೆ, ಕಾಗದ ಹಳದಿಗಟ್ಟಿದಂತೆ ತೋರಿಸುವವರೂ ಉಂಟು. ಬಹುಮಟ್ಟಿಗೆ ಇದು ನಿರಪಾಯವಾದ ವಿನೋದ. ಆದರೆ ಜಾಶ್ ಗಿಬ್ಸನ್ ಎಂಬ ಹೆಸರು ಬಂದಾಗ ವಿನೋದ ಅಲ್ಲಿಗೆ ನಿಂತು, ನ್ಯಾಯದ ಪ್ರಶ್ನೆಯೊಂದು ಏಳುತ್ತದೆ. ಆ ಪ್ರಶ್ನೆಯ ಸಲುವಾಗಿಯೇ ಅವನ ಜೀವನವನ್ನು ಇಲ್ಲಿ ಹೇಳಬೇಕೆಂದಿದ್ದೇನೆ.

ಬೇಸ್‌ಬಾಲ್ ನಮ್ಮ ನಾಡಿನಲ್ಲಿ ಬಳಕೆಯಲ್ಲಿಲ್ಲದ ಆಟ. ಅದನ್ನು ಕ್ರಿಕೆಟ್ಟಿನ ದೂರದ ನೆಂಟನೆಂದು ತಿಳಿದರೆ ಸದ್ಯಕ್ಕೆ ಸಾಕು. ಚೆಂಡೆಸೆಯುವವನು ಪಿಚರ್. ಹೊಡೆಯುವವನ ಬೆನ್ನ ಹಿಂದೆ, ನಮ್ಮ ವಿಕೆಟ್ ಕೀಪರನ ಜಾಗದಲ್ಲಿ, ಮುಖಕ್ಕೆ ಜಾಲರಿಯ ಕವಚ ತೊಟ್ಟು ಕುಕ್ಕುರುಗಾಲಿನಲ್ಲಿ ಕುಳಿತಿರುವವನು ಕ್ಯಾಚರ್. ಚೆಂಡು ಮೈದಾನದ ಬೇಲಿಯನ್ನು ಹಾರಿ ಹೋದರೆ ಅದು ಹೋಮ್ ರನ್. ನಮ್ಮ ಸಿಕ್ಸರಿನಂತೆ, ಆದರೆ ಅದಕ್ಕಿಂತ ಬಹಳ ವಿರಳವಾದದ್ದು. ಕ್ಯಾಚರನ ಕೆಲಸ ಮೈಮುರಿಯುವ ದುಡಿಮೆ. ಆ ಸ್ಥಾನದಲ್ಲಿ ಆಡುವವರಿಂದ ಭಾರಿ ಹೊಡೆತಗಳನ್ನು ಸಾಮಾನ್ಯವಾಗಿ ಯಾರೂ ನಿರೀಕ್ಷಿಸುವುದಿಲ್ಲ. ಗಿಬ್ಸನ್ ಕ್ಯಾಚರನಾಗಿದ್ದೂ ತನ್ನ ಕಾಲದ ಅತಿ ದೊಡ್ಡ ಹೊಡೆತಗಾರರಲ್ಲಿ ಒಬ್ಬನಾದನು. ಹೀಗಿದ್ದರೂ ಅವನು ಬದುಕಿದ್ದಷ್ಟು ಕಾಲ ಅಮೆರಿಕದ ಯಾವ ದೊಡ್ಡ ಗಮ್ ಕಂಪನಿಯ ಮಾಲೆಯಲ್ಲಿಯೂ ಅವನ ಕಾರ್ಡು ಅಚ್ಚಾಗಲಿಲ್ಲ. ಕಾರಣವನ್ನು ಬಹಳ ದೂರ ಹುಡುಕಬೇಕಾಗಿಲ್ಲ: ಅವನ ಮೈಬಣ್ಣ ಕಪ್ಪು.

ಅವನಿಗೊಂದು ಕಾರ್ಡನ್ನು ಕಲ್ಪಿಸಬೇಕಾದರೆ ನಾನು ಆರಿಸಿಕೊಳ್ಳುವುದು 1933ರ ಗೌಡಿ ಮಾಲೆಯನ್ನು. ಆ ಕಾರ್ಡುಗಳು ಅಂಗೈಯಲ್ಲಿ ಅಡಗುವಷ್ಟು ಸಣ್ಣವು. ಅಗಲ ಎರಡೂಕಾಲು ಅಂಗುಲಕ್ಕಿಂತ ತುಸು ಹೆಚ್ಚು, ಎತ್ತರ ಮೂರು ಅಂಗುಲಕ್ಕೆ ತುಸು ಕಡಮೆ. ಮುಂಬದಿಯಲ್ಲಿ ಆಟಗಾರನ ಬಣ್ಣದ ಚಿತ್ರ. ಬಹಳ ಕಾರ್ಡುಗಳಲ್ಲಿ ಅವನ ಹಿಂದೆ ಕೆಂಪು, ಹಳದಿ, ಹಸುರು ಇಲ್ಲವೆ ನೀಲಿಯ ಒಂದೇ ಬಣ್ಣದ ಹಿನ್ನೆಲೆ. ಕೆಳಗೆ ಕೆಂಪು ಪಟ್ಟಿಯಲ್ಲಿ ಬಿಗ್ ಲೀಗ್ ಚೂಯಿಂಗ್ ಗಮ್ ಎಂಬ ಸರಕಿನ ಹೆಸರು. ಹಿಂಬದಿಯಲ್ಲಿ ಹಸುರು ಮಸಿಯಲ್ಲಿ ಆಟಗಾರನ ವಿಚಾರವಾಗಿ ಕೆಲವು ಸಾಲು, ಜೊತೆಗೆ ಕಾರ್ಡಿನ ಸಂಖ್ಯೆ. ಬೇಬ್ ರೂತ್ ಎಂಬ ಮಹಾ ಹೊಡೆತಗಾರನಿಗೆ ಆ ಮಾಲೆಯಲ್ಲಿ ಒಂದಲ್ಲ, ನಾಲ್ಕು ಕಾರ್ಡುಗಳಿದ್ದುವು. ಕಪ್ಪುಜನರ ಪತ್ರಿಕೆಗಳೂ ಪ್ರೇಕ್ಷಕರೂ ಗಿಬ್ಸನ್ನನನ್ನು ಆ ರೂತನಿಗೇ ಹೋಲಿಸಿ ಕೊಂಡಾಡುತ್ತಿದ್ದರು.

ಚಿತ್ರಕ್ಕೆ ಮೊದಲು ಮನುಷ್ಯನನ್ನು ಅರಿಯಬೇಕು. ಗಿಬ್ಸನ್ ಹುಟ್ಟಿದುದು 1911ರ ಡಿಸೆಂಬರ್ 21ರಂದು, ದಕ್ಷಿಣದ ಜಾರ್ಜಿಯ ರಾಜ್ಯದ ಬ್ಯೂನ ವಿಸ್ಟ ಎಂಬ ಊರಿನಲ್ಲಿ. ದಕ್ಷಿಣದ ಕಪ್ಪುಜನ ಬೇಸಾಯದ ಬಡತನವನ್ನೂ ಬಿಳಿಯರ ದಬ್ಬಾಳಿಕೆಯನ್ನೂ ತಾಳಲಾರದೆ ಉತ್ತರದ ಕೈಗಾರಿಕೆಯ ಪಟ್ಟಣಗಳಿಗೆ ಲಕ್ಷಗಟ್ಟಲೆಯಾಗಿ ವಲಸೆಹೋಗುತ್ತಿದ್ದ ಕಾಲ ಅದು. ಅವನ ತಂದೆ ಮಾರ್ಕ್ ಗಿಬ್ಸನ್ ಮುಂಚಿತವಾಗಿ ಪಿಟ್ಸ್‌ಬರ್ಗಿಗೆ ಹೋಗಿ, ಉಕ್ಕಿನ ಕಾರ್ಖಾನೆಯಲ್ಲಿ ಕೆಲಸ ಹಿಡಿದು, ಕೈಯಲ್ಲಿ ನಾಲ್ಕು ಕಾಸು ಆದಮೇಲೆ ಸಂಸಾರವನ್ನು ಕರೆಸಿಕೊಂಡನು. ಹುಡುಗನಿಗೆ ಆಗ ಸುಮಾರು ಹನ್ನೆರಡು ವರ್ಷ. ಶಾಲೆಯಲ್ಲಿ ವಿದ್ಯುತ್ತಿನ ಕೆಲಸವನ್ನು ಸ್ವಲ್ಪ ಕಲಿತನು; ಓದು ಅಲ್ಲಿಗೇ ನಿಂತಿತು. ದೊಡ್ಡ ಅಂಗಡಿಯೊಂದರ ನೌಕರರ ತಂಡದಲ್ಲಿ ಆಡಿದನು, ಕಾರ್ಖಾನೆಯಲ್ಲಿಯೂ ದುಡಿದನು. ಆ ಪಟ್ಟಣದ ಹೊಗೆಯ ನಡುವೆ, ಇಳಿಜಾರಿನ ಬಯಲುಗಳಲ್ಲಿ, ಅವನ ತೋಳಿಗೆ ಬಲ ಬಂದಿತು.

1930ರ ಜುಲೈ ತಿಂಗಳಲ್ಲಿ ಅವನು ಹೋಮ್‌ಸ್ಟೆಡ್ ಗ್ರೇಸ್ ಎಂಬ ಪ್ರಸಿದ್ಧ ತಂಡವನ್ನು ಸೇರಿದನು. ದೀಪದ ಬೆಳಕಿನಲ್ಲಿ ನಡೆದ ಪಂದ್ಯವೊಂದರಲ್ಲಿ ಗ್ರೇಸ್ ತಂಡದ ಕ್ಯಾಚರನ ಕೈಗೆ ಪೆಟ್ಟಾಯಿತೆಂದೂ, ಪ್ರೇಕ್ಷಕರ ನಡುವೆ ಕುಳಿತಿದ್ದ ಗಿಬ್ಸನ್ನನನ್ನು ಅಲ್ಲಿಂದಲೇ ಕರೆದು ಆಡಿಸಿದರೆಂದೂ ಜನಜನಿತವಾದ ಕಥೆಯಿದೆ. ಕಥೆ ಎಷ್ಟು ನಿಜವೋ, ಅವನ ವಯಸ್ಸು ಹದಿನೆಂಟು ಎಂಬುದಂತೂ ನಿಜ. ಮುಂದಿನ ತಿಂಗಳು ಅವನ ಎಳೆಯ ಹೆಂಡತಿ ಹೆಲೆನ್ ಅವಳಿ ಮಕ್ಕಳನ್ನು ಹೆತ್ತು ತೀರಿಕೊಂಡಳು. ಗಂಡು ಮಗುವಿಗೆ ತಂದೆಯ ಹೆಸರು, ಹೆಣ್ಣು ಮಗುವಿಗೆ ತಾಯಿಯ ಹೆಸರು. ಮಕ್ಕಳು ಹೆಲೆನ್ನಳ ತವರಿನವರ ಆಶ್ರಯದಲ್ಲಿ ಬೆಳೆದರು. ತಂದೆ ಊರಿಂದೂರಿಗೆ ಆಡುತ್ತ ಹೋದನು. ಕೀರ್ತಿಯ ಬಾಗಿಲು ತೆರೆದ ತಿಂಗಳೂ ಮನೆಯ ದೀಪ ಆರಿದ ತಿಂಗಳೂ ಹೀಗೆ ಒಂದರ ಬೆನ್ನಿಗೊಂದು ಬಂದುವು. 1933ರ ಕಾರ್ಡಿನ ಹಿಂಬದಿಯಲ್ಲಿ ಇದಾವುದೂ ಇರುತ್ತಿರಲಿಲ್ಲ. ಗಮ್ ಮಾರುವವನು ಹುಡುಗರಿಗೆ ಸಾವಿನ ಸುದ್ದಿ ಹೇಳುವುದಿಲ್ಲ.

1932ರಲ್ಲಿ ಗಿಬ್ಸನ್ ಪಿಟ್ಸ್‌ಬರ್ಗ್ ಕ್ರಾಫರ್ಡ್ಸ್ ತಂಡಕ್ಕೆ ಬಂದನು. ಅದರ ಒಡೆಯ ಗಸ್ ಗ್ರೀನ್‌ಲೀ, ನಮ್ಮ ಮಟ್ಕಾವನ್ನು ಹೋಲುವ ಅಂಕಿ ಜೂಜಿನಲ್ಲಿ ಹಣ ಮಾಡಿದವನು. ಹಣದ ಮೂಲವನ್ನು ಯಾರೂ ಹೊಗಳಲಾರರು. ಆದರೆ ಬ್ಯಾಂಕುಗಳು ಕಪ್ಪುಜನರಿಗೆ ಸಾಲ ಕೊಡದಿದ್ದ ಕಾಲದಲ್ಲಿ ಅವರ ಕೇರಿಯ ಬಂಡವಾಳ ಬಹುಮಟ್ಟಿಗೆ ಇಂತಹವರ ಕೈಯಿಂದಲೇ ಬರಬೇಕಾಗಿತ್ತು. ಗ್ರೀನ್‌ಲೀ ಅದೇ ವರ್ಷ ಹಿಲ್ ಡಿಸ್ಟ್ರಿಕ್ಟ್ ಎಂಬ ಕೇರಿಯಲ್ಲಿ ಸುಮಾರು ಒಂದು ಲಕ್ಷ ಡಾಲರು ಸುರಿದು ತನ್ನ ತಂಡಕ್ಕೆ ಸ್ವಂತ ಮೈದಾನವನ್ನು ಕಟ್ಟಿಸಿದನು. ಸ್ಯಾಚೆಲ್ ಪೇಜ್, ಆಸ್ಕರ್ ಚಾರ್ಲ್‌ಸ್ಟನ್, ಕೂಲ್ ಪಾಪಾ ಬೆಲ್, ಜೂಡಿ ಜಾನ್ಸನ್ ಮೊದಲಾದ ಘಟಾನುಘಟಿಗಳು ಗಿಬ್ಸನ್ನನ ಜೊತೆಗಾರರಾದರು. 1933ರಲ್ಲಿ ಗ್ರೀನ್‌ಲೀಯ ಮುಂದಾಳುತನದಲ್ಲಿ ನೀಗ್ರೋ ನ್ಯಾಷನಲ್ ಲೀಗ್ ಮರಳಿ ಹುಟ್ಟಿತು. ಪೂರ್ವ ಪಶ್ಚಿಮಗಳ ಶ್ರೇಷ್ಠ ಆಟಗಾರರನ್ನು ಎದುರುಬದುರಾಗಿ ನಿಲ್ಲಿಸುವ ವಾರ್ಷಿಕ ಪಂದ್ಯ ಶಿಕಾಗೋ ನಗರದಲ್ಲಿ ಆರಂಭವಾಯಿತು.

ಈಗ ಚಿತ್ರವನ್ನು ಬರೆಯಲು ಕುಳಿತುಕೊಳ್ಳೋಣ. ಇಪ್ಪತ್ತೊಂದು ವರ್ಷದ ಯುವಕ. ಎತ್ತರ ಆರು ಅಡಿ ಒಂದು ಅಂಗುಲ. ಅಗಲವಾದ ಎದೆ. ಅಂಗಿಯ ತೋಳುಗಳನ್ನು ಮೇಲಕ್ಕೆ ಮಡಚಿ, ಎರಡು ಪಾದಗಳನ್ನೂ ನೆಲಕ್ಕೆ ಒತ್ತಿ, ಬಹಳ ಮುಂದೆ ಹೆಜ್ಜೆಯಿಡದೆ, ಸೊಂಟದ ಮೇಲಿನ ಬಲದಿಂದಲೇ ಹೊಡೆಯುತ್ತಿದ್ದನೆಂದು ಕಂಡವರು ವರ್ಣಿಸಿದ್ದಾರೆ. ಹಿನ್ನೆಲೆಗೆ ಹಳದಿಯನ್ನು ಹಚ್ಚುತ್ತೇನೆ. ಕಪ್ಪು ಮೊಗ ಅದರ ಮೇಲೆ ಸ್ಪಷ್ಟವಾಗಿ ಎದ್ದು ಕಾಣಬೇಕು. ಆದರೆ ಅವನ ಮೈಮೇಲೆ ಯಾವ ತಂಡದ ಉಡುಪನ್ನು ತೊಡಿಸಲಿ?

ಇಲ್ಲಿಯೇ ಕಲ್ಪನೆಗೆ ಒಂದು ದೊಡ್ಡ ಆಮಿಷ ಕಾದಿರುತ್ತದೆ. ಪಿಟ್ಸ್‌ಬರ್ಗಿನಲ್ಲಿ ಬಿಳಿಯರ ದೊಡ್ಡ ಲೀಗಿಗೆ ಸೇರಿದ ಪೈರೇಟ್ಸ್ ಎಂಬ ತಂಡವಿತ್ತು. ಅವರ ಫೋರ್ಬ್ಸ್ ಫೀಲ್ಡ್ ಮೈದಾನದಲ್ಲಿ ಗಿಬ್ಸನ್ನನೂ ಆಡಿದ್ದುಂಟು, ಬಾಡಿಗೆ ತೆತ್ತ ತಂಡದವನಾಗಿ. ಅವನಿಗೆ ಪೈರೇಟ್ಸ್ ಉಡುಪನ್ನು ತೊಡಿಸಿದರೆ ನ್ಯಾಯ ಸಂದಂತೆ ಕಾಣುತ್ತದೆ, ಕಣ್ಣಿಗೂ ಹಿತ. ನಾನು ಮಾತ್ರ ತೊಡಿಸಲಾರೆ. ಹಾಗೆ ಮಾಡಿದರೆ ಬಾಗಿಲು ಮುಚ್ಚಿಕೊಂಡಿದ್ದವರನ್ನು ಬಾಗಿಲು ತೆರೆದವರೆಂದು ಚಿತ್ರಿಸಿದ ಹಾಗಾಗುತ್ತದೆ. 1942ರಲ್ಲಿ ಪೈರೇಟ್ಸ್ ಒಡೆಯನು ಕಪ್ಪು ಆಟಗಾರರನ್ನು ಪರೀಕ್ಷಿಸಿ ನೋಡುವ ಮಾತನ್ನೇನೋ ಎತ್ತಿದ್ದನು. ಆ ಪರೀಕ್ಷೆ ನಡೆಯಲೇ ಇಲ್ಲ. ಅಷ್ಟೇ ಅಲ್ಲ, ಕ್ರಾಫರ್ಡ್ಸ್ ಮತ್ತು ಗ್ರೇಸ್ ತಂಡಗಳನ್ನು ಕಪ್ಪುಜನ ತಮ್ಮ ದುಡಿಮೆಯಿಂದ ಕಟ್ಟಿ ನಿಲ್ಲಿಸಿದ್ದರು. ಅವುಗಳ ಉಡುಪನ್ನು ಕಳಚಿ ಬಿಳಿಯರ ಉಡುಪನ್ನು ತೊಡಿಸುವುದು ಮರ್ಯಾದೆಯಲ್ಲ, ಎರಡನೆಯ ಅವಮರ್ಯಾದೆ. ಆದುದರಿಂದ ನನ್ನ ಕಾರ್ಡಿನ ಗಿಬ್ಸನ್ ಕ್ರಾಫರ್ಡ್ಸ್ ಆಟಗಾರನೇ.

ಅದೇ ಪಿಟ್ಸ್‌ಬರ್ಗಿನ ಇನ್ನೊಂದು ಕಾರ್ಡಿನ ಕಥೆಯನ್ನು ಇಲ್ಲಿ ನೆನೆಯಬೇಕು. ಪೈರೇಟ್ಸ್ ತಂಡದ ಹೋನಸ್ ವ್ಯಾಗ್ನರ್ ಮಹಾ ಆಟಗಾರ. ಅಮೆರಿಕನ್ ಟೊಬ್ಯಾಕೊ ಕಂಪನಿ 1909ರಿಂದ 1911ರವರೆಗೆ ಹೊರಡಿಸಿದ ಮಾಲೆಯಲ್ಲಿ ಅವನ ಕಾರ್ಡು ಅಚ್ಚಾಗತೊಡಗಿದಾಗ ಅವನು ಬೇಡವೆಂದನು, ಅಚ್ಚು ನಿಂತಿತು. ಮಕ್ಕಳು ಹೊಗೆಸೊಪ್ಪು ಕೊಳ್ಳಬಾರದೆಂದು ಹಾಗೆ ಮಾಡಿದನೆಂದು ಕೆಲವರು, ಸಲ್ಲಬೇಕಾದ ಹಣ ಸಲ್ಲಲಿಲ್ಲವೆಂದು ಕೆಲವರು. ಕಾರಣವೇನಾದರೂ ಇರಲಿ, ಅಷ್ಟರಲ್ಲಿ ಹೊರಬಿದ್ದಿದ್ದ ಕೆಲವೇ ಪ್ರತಿಗಳು ಅಮೂಲ್ಯವಾದುವು. 2022ರಲ್ಲಿ ಅವುಗಳಲ್ಲೊಂದು 72 ಲಕ್ಷ 50 ಸಾವಿರ ಡಾಲರಿಗೆ ಮಾರಾಟವಾಯಿತು. 1933ರಲ್ಲಿ ಆ ವ್ಯಾಗ್ನರನು ಪೈರೇಟ್ಸ್ ತಂಡಕ್ಕೆ ಶಿಕ್ಷಕನಾಗಿ ಮರಳಿ ಬಂದನು. ಒಂದೇ ಊರಿನಲ್ಲಿ ಇಬ್ಬರು: ಒಬ್ಬನ ಕಾರ್ಡು ಅವನು ಒಲ್ಲೆನೆಂದುದರಿಂದ ವಿರಳವಾಯಿತು, ಇನ್ನೊಬ್ಬನನ್ನು ಬೇಕೇ ಎಂದು ಕೇಳಿದವರೇ ಇರಲಿಲ್ಲ. ಬೇಡವೆನ್ನುವುದಕ್ಕೂ ಒಂದು ಅಧಿಕಾರ ಬೇಕು.

ಇದಕ್ಕೆ ಲಿಖಿತ ಕಾನೂನು ಇರಲಿಲ್ಲ. 1884ರಲ್ಲಿ ಟೊಲೀಡೊ ತಂಡಕ್ಕೆ ಮೋಸಸ್ ಫ್ಲೀಟ್‌ವುಡ್ ವಾಕರ್ ಎಂಬ ಕಪ್ಪುವರ್ಣೀಯನು ದೊಡ್ಡ ಲೀಗಿನಲ್ಲಿ ಆಡಿದ್ದನು. ಅವನೂ ಗಿಬ್ಸನ್ನನಂತೆ ಕ್ಯಾಚರನೇ. ಆ ಮೇಲೆ ತಂಡಗಳ ಒಡೆಯರು ತಮ್ಮತಮ್ಮಲ್ಲಿ ಮಾಡಿಕೊಂಡ ಒಳ ಒಪ್ಪಂದದ ಬಲದಿಂದ ಅರವತ್ತಕ್ಕೂ ಹೆಚ್ಚು ವರ್ಷ ಬಾಗಿಲು ಮುಚ್ಚಿಯೇ ಇತ್ತು. ಬರೆದ ಕಾನೂನನ್ನು ಹರಿದುಹಾಕಬಹುದು. ಬರೆಯದ ಕಾನೂನನ್ನು ಎಲ್ಲಿ ಹಿಡಿದು ಹರಿಯುವುದು?

ಕಾರ್ಡಿನ ಹಿಂಬದಿಗೆ ಬರುತ್ತೇನೆ. ಇಲ್ಲಿ ಸಂಖ್ಯೆಗಳ ಕಷ್ಟ ಎದುರಾಗುತ್ತದೆ. ಬಿಳಿಯರ ಲೀಗಿನ ಪ್ರತಿ ಹೊಡೆತವನ್ನೂ ಬರೆದಿಡಲು ಗುಮಾಸ್ತರಿದ್ದರು. ಕಪ್ಪುಜನರ ತಂಡಗಳು ಲೀಗ್ ಪಂದ್ಯಗಳ ನಡುನಡುವೆ ಊರೂರು ಅಲೆದು, ಹಳ್ಳಿಯ ತಂಡ, ಕಾರ್ಖಾನೆಯ ತಂಡಗಳೊಡನೆ ಆಡಿ ಹೊಟ್ಟೆ ಹೊರೆಯಬೇಕಾಗಿತ್ತು. ಅವುಗಳ ವರದಿ ಪಿಟ್ಸ್‌ಬರ್ಗ್ ಕೂರಿಯರ್, ಶಿಕಾಗೋ ಡಿಫೆಂಡರ್ ಮೊದಲಾದ ಪತ್ರಿಕೆಗಳಲ್ಲಿ ಬಂದರೆ ಬಂದಿತು, ಇಲ್ಲದಿದ್ದರೆ ಇಲ್ಲ. ಬರಹ ಸೋತ ಕಡೆ ಐತಿಹ್ಯ ಬೆಳೆಯುತ್ತದೆ. ನ್ಯೂಯಾರ್ಕಿನ ಯಾಂಕಿ ಮೈದಾನದಿಂದ ಚೆಂಡನ್ನು ಹೊರಕ್ಕೇ ಹಾರಿಸಿದನೆಂದು ಒಂದು ಕಥೆ. ಅದನ್ನು ಇಂದಿಗೂ ಯಾರೂ ಸಿದ್ಧಮಾಡಿ ತೋರಿಸಿಲ್ಲ. ಅವನ ಗೌರವಫಲಕದಲ್ಲಿ ಎಲ್ಲ ಬಗೆಯ ಪಂದ್ಯಗಳೂ ಸೇರಿ ಸುಮಾರು 800 ಹೋಮ್ ರನ್ ಎಂದಿದೆ. ಸಂಶೋಧಕರು ಹಳೆಯ ಪತ್ರಿಕೆಗಳನ್ನು ಜಾಲಾಡಿ ಲೀಗ್ ಪಂದ್ಯಗಳಲ್ಲಿ ಗುರುತಿಸಿರುವುದು ಇನ್ನೂರಕ್ಕಿಂತ ಕಡಮೆ. ಇವೆರಡರ ನಡುವಣ ಅಂತರ ಅವನ ಸುಳ್ಳಲ್ಲ; ಅವನ ಕಾಲದ ಅಲಕ್ಷ್ಯದ ಅಳತೆ. ಅದೃಷ್ಟವಶಾತ್ 1933ರ ಗೌಡಿ ಕಾರ್ಡುಗಳ ಹಿಂಬದಿಯಲ್ಲಿ ಅಂಕಿಗಳ ಪಟ್ಟಿ ಇರುತ್ತಿರಲಿಲ್ಲ, ಗದ್ಯವಿರುತ್ತಿತ್ತು. ಕ್ರಾಫರ್ಡ್ಸ್ ತಂಡದ ಕ್ಯಾಚರ್, ಜಾರ್ಜಿಯದಲ್ಲಿ ಹುಟ್ಟಿ ಪಿಟ್ಸ್‌ಬರ್ಗಿನಲ್ಲಿ ಬೆಳೆದವನು, ಬಲಗೈ ಹೊಡೆತಗಾರ, ಪೂರ್ವದ ತಂಡಗಳಲ್ಲಿ ಇವನಷ್ಟು ದೂರ ಚೆಂಡನ್ನು ಅಟ್ಟುವವರು ವಿರಳ ಎಂಬಷ್ಟನ್ನು ಬರೆದು ನಿಲ್ಲಿಸುತ್ತೇನೆ.

ಆ ಕಾರ್ಡಿಗೆ ತಿಳಿಯದ ಮುಂದಿನ ಕಥೆಯನ್ನು ಮಾತ್ರ ನಾವು ತಿಳಿಯಬೇಕು. 1937ರ ವಸಂತದಲ್ಲಿ ಹಣದ ಮುಗ್ಗಟ್ಟಿಗೆ ಸಿಕ್ಕಿದ ಗ್ರೀನ್‌ಲೀ ಅವನನ್ನು ಗ್ರೇಸ್ ತಂಡಕ್ಕೆ ಬಿಟ್ಟುಕೊಟ್ಟನು. ಬದಲಿಗೆ ಬಂದದ್ದು ಇಬ್ಬರು ಆಟಗಾರರು ಮತ್ತು 2500 ಡಾಲರು. ಮರುವರ್ಷ ಗ್ರೀನ್‌ಲೀಯ ಮೈದಾನವನ್ನೂ ಕೆಡವಿಹಾಕಿದರು. 1937ರಲ್ಲಿಯೇ ಗಿಬ್ಸನ್ ಡೊಮಿನಿಕನ್ ಗಣರಾಜ್ಯಕ್ಕೆ ಹೋಗಿ, ಸರ್ವಾಧಿಕಾರಿ ಟ್ರುಹಿಯೊ ತನ್ನ ಹೆಸರನ್ನೇ ಇಟ್ಟಿದ್ದ ರಾಜಧಾನಿಯ ತಂಡಕ್ಕೆ ಪೇಜನೊಡನೆ ಆಡಿ ಗೆಲುವು ತಂದನು. 1940 ಮತ್ತು 1941ರಲ್ಲಿ ಮೆಕ್ಸಿಕೋ ದೇಶದ ವೆರಾಕ್ರೂಸ್ ತಂಡದಲ್ಲಿದ್ದನು. ಚಳಿಗಾಲಗಳಲ್ಲಿ ಪೋರ್ಟೊ ರಿಕೊದಲ್ಲಿಯೂ ಆಡಿದನು. ಅಲ್ಲೆಲ್ಲ ಸಂಬಳವೂ ಹೆಚ್ಚು; ಹೋಟೆಲಿನ ಬಾಗಿಲಲ್ಲಿ ಯಾರೂ ಬಣ್ಣವನ್ನು ಕೇಳುತ್ತಿರಲಿಲ್ಲ. ತಾಯ್ನಾಡಿನಲ್ಲಿ ಪರಕೀಯನಾದವನು ಪರದೇಶದಲ್ಲಿ ಮನುಷ್ಯನಾಗಿ ನಡೆದಾಡಿದನು. 1942ರಲ್ಲಿ ಗ್ರೇಸ್ ತಂಡಕ್ಕೆ ಮರಳಿದನು.

1943ರ ಮೊದಲ ದಿನ ಅವನು ಪ್ರಜ್ಞೆ ತಪ್ಪಿ ಬಿದ್ದನು. ಮಿದುಳಿನಲ್ಲಿ ಗೆಡ್ಡೆಯಿದೆಯೆಂದು ವೈದ್ಯರು ಕಂಡರೆಂದೂ, ಶಸ್ತ್ರಚಿಕಿತ್ಸೆಗೆ ಅವನು ಒಪ್ಪಲಿಲ್ಲವೆಂದೂ ಮನೆಯವರ ಹೇಳಿಕೆ. ತಲೆನೋವು, ಕುಡಿತ, ಆಗಾಗ ಆಸ್ಪತ್ರೆವಾಸ. ಇವುಗಳ ನಡುವೆ ಅದೇ ವರ್ಷ ಅವನು ಆಡಿದ ಆಟ ಅವನ ಬಾಳಿನಲ್ಲಿಯೇ ಶಿಖರ. ಹೊಡೆತಕ್ಕೆ ನಿಂತ ಪ್ರತಿ ಸಾವಿರ ಸರದಿಗೆ 466 ಸಫಲ ಹೊಡೆತಗಳ ಪ್ರಮಾಣ. ಬೇಸ್‌ಬಾಲಿನಲ್ಲಿ ಸಾವಿರಕ್ಕೆ 300 ದಾಟಿದವನನ್ನೇ ಉತ್ತಮನೆನ್ನುತ್ತಾರೆ. ಆ ವರ್ಷವೂ ಮುಂದಿನ ವರ್ಷವೂ ಗ್ರೇಸ್ ತಂಡ ಬರ್ಮಿಂಗ್‌ಹ್ಯಾಮಿನ ಬ್ಲ್ಯಾಕ್ ಬ್ಯಾರನ್ಸ್ ತಂಡವನ್ನು ಸೋಲಿಸಿ ನೀಗ್ರೋ ಲೀಗುಗಳ ವಿಶ್ವ ಸರಣಿಯನ್ನು ಗೆದ್ದಿತು. ವಿಧಿಯ ವಿಪರ್ಯಾಸವೆಂದರೆ ಯುದ್ಧದ ದೆಸೆಯಿಂದ ಆಗ ಗಮ್ ಕಂಪನಿಗಳ ಕಾರ್ಡುಗಳ ಮುದ್ರಣವೇ ನಿಂತುಹೋಗಿತ್ತು. ಅವನ ಅತ್ಯುತ್ತಮ ವರ್ಷ, ಯಾರಿಗೂ ಅಂತಹ ಕಾರ್ಡಿಲ್ಲದ ವರ್ಷ.

1945ರ ಅಕ್ಟೋಬರಿನಲ್ಲಿ ಬ್ರೂಕ್ಲಿನ್ ತಂಡದ ಬ್ರಾಂಚ್ ರಿಕಿ ಕಪ್ಪುವರ್ಣೀಯನೊಬ್ಬನನ್ನು ಆರಿಸಿಕೊಂಡನೆಂಬ ಸುದ್ದಿ ಹೊರಬಿದ್ದಿತು. ಆ ಅದೃಷ್ಟಶಾಲಿ ಗಿಬ್ಸನ್ನನಲ್ಲ, ಅವನಿಗಿಂತ ಏಳು ವರ್ಷ ಕಿರಿಯನಾದ ಜ್ಯಾಕಿ ರಾಬಿನ್‌ಸನ್. ಗಿಬ್ಸನ್ನನ ಮಂಡಿಗಳು ಸವೆದಿದ್ದವು; ಆರೋಗ್ಯ ಕುಸಿದಿತ್ತು. 1946ರಲ್ಲಿ ಕಡೆಯ ಸಲ ಗ್ರೇಸ್ ತಂಡಕ್ಕೆ ಆಡಿದನು. 1947ರ ಜನವರಿ 20ರಂದು ಪಿಟ್ಸ್‌ಬರ್ಗಿನಲ್ಲಿ ಪಾರ್ಶ್ವವಾಯು ಬಡಿದು ತೀರಿಕೊಂಡನು. ವಯಸ್ಸು ಮೂವತ್ತೈದು. ರಾಬಿನ್‌ಸನ್ ದೊಡ್ಡ ಲೀಗಿನ ಮೈದಾನಕ್ಕೆ ಕಾಲಿಟ್ಟುದು ಏಪ್ರಿಲ್ 15ರಂದು, ಸರಿಯಾಗಿ ಎಂಬತ್ತೈದು ದಿನಗಳ ತರುವಾಯ. ಅವನು ಕೊರಗಿ ಸತ್ತನೆಂದು ಕೆಲವರು ಬರೆದಿದ್ದಾರೆ. ಅವನ ಎದೆಯೊಳಗೆ ಇಣುಕಿ ನೋಡುವ ಹಕ್ಕು ನಮಗಿಲ್ಲ. ದಿನಗಳ ಲೆಕ್ಕವೇ ಸಾಕಷ್ಟು ಕ್ರೂರವಾಗಿದೆ.

ಅಲಿಘೆನಿ ಶ್ಮಶಾನದಲ್ಲಿ ಅವನ ಗೋರಿಗೆ 1975ರವರೆಗೆ ಹೆಸರಿನ ಕಲ್ಲೂ ಇರಲಿಲ್ಲ. ಅತ್ತ ರಾಬಿನ್‌ಸನ್ನನ ಕಾರ್ಡುಗಳನ್ನು 1947ರಲ್ಲಿಯೇ ಬ್ರೆಡ್ ಕಂಪನಿಯೊಂದು ಹಂಚಿತು. ನಲವತ್ತೆರಡನೆಯ ವಯಸ್ಸಿನಲ್ಲಿ ದೊಡ್ಡ ಲೀಗನ್ನು ಸೇರಿದ ಪೇಜನಿಗೂ ಕಾರ್ಡು ಬಂದಿತು. ಗಿಬ್ಸನ್ನನ ಕಾರ್ಡು ಪೋರ್ಟೊ ರಿಕೊದ ಟೊಲೆಟೆರೋಸ್ ಎಂಬ ಮಾಲೆಯಲ್ಲಿ, 1950–51ರ ಋತುವಿನಲ್ಲಿ ಅಚ್ಚಾಯಿತು. ಅಷ್ಟರಲ್ಲಿ ಅವನು ಸತ್ತು ಸುಮಾರು ನಾಲ್ಕು ವರ್ಷ. ಟೆಡ್ ವಿಲಿಯಮ್ಸ್ ಎಂಬ ಮಹಾ ಹೊಡೆತಗಾರನು 1966ರಲ್ಲಿ ಕೂಪರ್ಸ್‌ಟೌನಿನ ಕೀರ್ತಿಭವನದಲ್ಲಿ ತನ್ನ ಸನ್ಮಾನಕ್ಕೆ ನಿಂತಾಗ, ಪೇಜ್ ಮತ್ತು ಗಿಬ್ಸನ್ನರಂತಹವರಿಗೂ ಅಲ್ಲಿ ಸ್ಥಳ ದೊರೆಯಲೆಂದು ಬಿನ್ನವಿಸಿಕೊಂಡನು. 1972ರಲ್ಲಿ ಗಿಬ್ಸನ್ನನಿಗೆ ಅದು ದೊರೆಯಿತು. 1974ರಲ್ಲಿ ರಾಬರ್ಟ್ ಲಾಫ್ಲಿನ್ ಎಂಬ ಚಿತ್ರಕಾರನು ಹಿಂದಿನ ಕಪ್ಪು ಆಟಗಾರರ 36 ಕಾರ್ಡುಗಳನ್ನು ಬರೆದು ಅಚ್ಚುಹಾಕಿಸಿದನು. 2020ರ ಡಿಸೆಂಬರಿನಲ್ಲಿ ಅಮೆರಿಕದ ಬೇಸ್‌ಬಾಲ್ ಆಡಳಿತ, 1920ರಿಂದ 1948ರವರೆಗಿನ ಏಳು ನೀಗ್ರೋ ಲೀಗುಗಳನ್ನು ದೊಡ್ಡ ಲೀಗುಗಳೆಂದು ಮಾನ್ಯಮಾಡಿತು. 2024ರ ಮೇ ತಿಂಗಳಲ್ಲಿ ಅವುಗಳ ಅಂಕಿಗಳನ್ನು ದಾಖಲೆಗೆ ಸೇರಿಸಿದಾಗ, ಇಡೀ ಬಾಳಿನ ಹೊಡೆತದ ಸರಾಸರಿಯಲ್ಲಿ ಟೈ ಕಾಬ್ ಎಂಬವನ 367ನ್ನು ಮೀರಿ ಗಿಬ್ಸನ್ನನ 372 ಮೊದಲ ಸ್ಥಾನಕ್ಕೆ ಬಂದಿತು. 1943ರ ಆ 466 ಒಂದು ವರ್ಷದ ಸರಾಸರಿಗಳಲ್ಲಿ ಅಗ್ರಸ್ಥಾನ ಪಡೆಯಿತು. ಆ ಲೀಗುಗಳ ಋತು ಚಿಕ್ಕದು, ಪಂದ್ಯಗಳು ಕಡಮೆ ಎಂದು ಆಕ್ಷೇಪಿಸುವವರುಂಟು. ಚಿಕ್ಕದಾದುದು ಯಾರಿಂದ ಎಂಬುದನ್ನೂ ಅವರು ಒಂದಿಷ್ಟು ಯೋಚಿಸಬೇಕು.

ಹೀಗೆ ಎಲ್ಲ ಗೌರವವೂ ಸಂದ ಮೇಲೆ ಕಲ್ಪಿತ ಕಾರ್ಡಿನ ಅಗತ್ಯವಾದರೂ ಏನು ಎಂದು ಓದುಗರು ಕೇಳಬಹುದು. ಇನ್ನೊಂದು ಪ್ರಶ್ನೆ ಇದಕ್ಕಿಂತ ತೀಕ್ಷ್ಣವಾದದ್ದು. ಇಲ್ಲದುದನ್ನು ಇತ್ತೆಂಬಂತೆ ಚೆಂದವಾಗಿ ಬರೆದು ತೋರಿಸಿದರೆ, ಮುಂದಿನ ಪೀಳಿಗೆಯ ಹುಡುಗ ಅಂದು ಎಲ್ಲವೂ ಸರಿಯಾಗಿಯೇ ಇತ್ತೆಂದು ತಿಳಿಯಲಾರನೇ? ಹಳಗನ್ನಡ ಕಾವ್ಯಗಳ ಪಾಠ ಹೇಳುವ ನನಗೆ ಇಲ್ಲಿ ನಮ್ಮ ಗ್ರಂಥಸಂಪಾದಕರ ಶಿಸ್ತು ನೆನಪಿಗೆ ಬರುತ್ತದೆ. ಓಲೆಗರಿ ಮುರಿದು ಪದ್ಯದ ನಡುವೆ ಅಕ್ಷರ ಲೋಪವಾಗಿದ್ದರೆ ಪ್ರಾಮಾಣಿಕನಾದ ಸಂಪಾದಕನು ಆ ಜಾಗದಲ್ಲಿ ಚುಕ್ಕೆಗಳನ್ನಿಡುತ್ತಾನೆ. ಛಂದಸ್ಸನ್ನೂ ಅರ್ಥವನ್ನೂ ತೂಗಿ ತಾನೊಂದು ಪಾಠವನ್ನು ಊಹಿಸಿದರೂ, ಇದು ನನ್ನ ಊಹೆಯೆಂದು ಗುರುತುಮಾಡಿ ಕೊಡುತ್ತಾನೆ. ಊಹಿಸುವುದು ತಪ್ಪಲ್ಲ, ಊಹೆಯನ್ನು ಮೂಲದೊಳಗೆ ಕಲಸಿ ಗುರುತು ಅಳಿಸುವುದು ತಪ್ಪು. ಕಲ್ಪಿತ ಕಾರ್ಡಿಗೂ ಇದೇ ನ್ಯಾಯ. ಆದುದರಿಂದ ನನ್ನ ಕಾರ್ಡಿನ ಅಂಚನ್ನು ಸವೆಸಲಾರೆ, ಕಾಗದವನ್ನು ಹಳದಿಗಟ್ಟಿಸಲಾರೆ. ಹಸುರು ಮಸಿಯ ಗದ್ಯದ ಕೆಳಗೆ ಇಂದಿನ ವರ್ಷವನ್ನು ನಮೂದಿಸುತ್ತೇನೆ. ಮುಂಬದಿಯ ಕೆಂಪು ಪಟ್ಟಿಯನ್ನು ಮಾತ್ರ ಇದ್ದಂತೆಯೇ ಉಳಿಸುತ್ತೇನೆ. ಬಿಗ್ ಲೀಗ್ ಎಂಬ ಆ ಎರಡು ಮಾತುಗಳು 1933ರಲ್ಲಿ ಗಿಬ್ಸನ್ನನ ಚಿತ್ರದ ಕೆಳಗೆ ಬಂದಿದ್ದರೆ ಅಂದಿನವರು ಸುಳ್ಳೆನ್ನುತ್ತಿದ್ದರು; 2020ರ ತರುವಾಯ ಅವು ಅಧಿಕೃತವಾಗಿಯೂ ನಿಜ.

ಉಳಿದದ್ದು ಕಾರ್ಡಿನ ಸಂಖ್ಯೆ. ಗೌಡಿ ಕಂಪನಿಯವರು 1933ರಲ್ಲಿ 106ನೆಯ ಕಾರ್ಡನ್ನು ಹೊರಡಿಸಿರಲಿಲ್ಲ. ಹುಡುಗರು ಗಮ್ಮಿನ ಮೇಲೆ ಗಮ್ಮು ಕೊಂಡರೂ 105 ಸಿಕ್ಕಿತು, 107 ಸಿಕ್ಕಿತು, ನಡುವಣದು ಸಿಕ್ಕಲಿಲ್ಲ. ಕಾಗದ ಬರೆದು ಕೇಳಿದವರಿಗೆ ಕಂಪನಿ 1934ರಲ್ಲಿ ಆ ಕಾರ್ಡನ್ನು ಅಚ್ಚುಹಾಕಿಸಿ ಅಂಚೆಯಲ್ಲಿ ಕಳುಹಿಸಿತು. ಅದರಲ್ಲಿದ್ದವನು 1916ರಲ್ಲಿಯೇ ಆಟ ಬಿಟ್ಟಿದ್ದ ನ್ಯಾಪ್ ಲಾಜೊವೆ. ಎಂದೋ ಆಟ ನಿಲ್ಲಿಸಿದವನೊಬ್ಬನ ಕಾರ್ಡು ಕಾಣೆಯಾದುದು ಹುಡುಗರಿಗೆ ಗೊತ್ತಾಯಿತು, ಏಕೆಂದರೆ ಅವನಿಗೊಂದು ಸಂಖ್ಯೆಯಿತ್ತು. ಅದೇ ಬೇಸಗೆಯಲ್ಲಿ ಪಿಟ್ಸ್‌ಬರ್ಗಿನ ಗುಡ್ಡದ ಮೇಲೆ ದಿನವೂ ಆಡುತ್ತಿದ್ದ ಗಿಬ್ಸನ್ನನ ಕಾರ್ಡು ಕಾಣೆಯಾದುದು ಅವರಿಗೆ ಗೊತ್ತಾಗಲಿಲ್ಲ. ಅವನಿಗಾಗಿ ಯಾವ ಸಂಖ್ಯೆಯನ್ನೂ ಬಿಟ್ಟಿರಲಿಲ್ಲ. ಮಾಲೆ ಒಂದರಿಂದ 240ರವರೆಗೆ ಪೂರ್ಣವಾಗಿ ಕಾಣುತ್ತಿತ್ತು. ಇಂತಹ ಅನ್ಯಾಯದ ಸ್ವಭಾವವೇ ಅದು. ಕಿತ್ತುಕೊಂಡ ಜಾಗ ಖಾಲಿಯಾಗಿ ಕಾಣುತ್ತದೆ, ಕೇಳುವವರು ಹುಟ್ಟುತ್ತಾರೆ. ಮೊದಲಿನಿಂದಲೂ ಕೊಡದ ಜಾಗಕ್ಕೆ ಗುರುತೇ ಇರುವುದಿಲ್ಲ.

ಆ ಗುರುತನ್ನು ಇಡುವುದಷ್ಟೇ ಕಲ್ಪಿತ ಕಾರ್ಡಿನ ಕೆಲಸವೆಂದು ನನ್ನ ಭಾವನೆ. ಅದು ಕಳೆದ ಅನ್ಯಾಯವನ್ನು ತಿದ್ದಲಾರದು. ಪೂರ್ಣವೆಂದು ತೋರಿದ ಮಾಲೆ ಪೂರ್ಣವಾಗಿರಲಿಲ್ಲವೆಂದು ಹೇಳಬಲ್ಲದು. ಜಾಶ್ ಗಿಬ್ಸನ್ನನ ಕಾರ್ಡಿಗೆ ನಾನು ಕೊಡುವ ಸಂಖ್ಯೆ 241.